ಗಂಟಲಲ್ಲೊಂದು ಪೀಪಿ, ಎದೆಯಲ್ಲೆರಡು: ನಮ್ಮ ದನಿ, ಹಕ್ಕಿಯ ದನಿ ಹುಟ್ಟುವ ಜಾಗವನ್ನು ಕೈಯಾರೆ ನೋಡುವ ಬಗೆ

ಮುಂಗಾರು ಹಿಡಿದ ಮೇಲೆ ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದ ಹಳ್ಳದ ಬದಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಸಿಳ್ಳಾರ ಹಕ್ಕಿ ಶುರುಮಾಡುತ್ತದೆ. ಅರ್ಧ ಹಾಡು ಮರೆತ ಹುಡುಗ ತೋಚಿದಂತೆ ಶಿಳ್ಳೆ ಹಾಕಿಕೊಂಡು ಹೋದ ಹಾಗಿರುತ್ತದೆ ಅದು. ಹುಡುಗನ ಶಿಳ್ಳೆ ಹುಟ್ಟುವುದು ತುಟಿಯಲ್ಲಿ, ಅವನ ಮಾತಿನ ದನಿ ಗಂಟಲಲ್ಲಿ. ಸಿಳ್ಳಾರದ ಶಿಳ್ಳೆ ಈ ಎರಡೂ ಕಡೆ ಹುಟ್ಟುವುದಿಲ್ಲ. ಶ್ವಾಸನಾಳ ಎರಡು ಕವಲಾಗಿ ಶ್ವಾಸಕೋಶಗಳ ಕಡೆ ಇಳಿಯುವ ಜಾಗದಲ್ಲಿ, ಎದೆಗೂಡಿನ ಒಳಗೆ ಅದರ ಹುಟ್ಟು.

ಈ ಒಂದು ವ್ಯತ್ಯಾಸ ಹಿಡಿದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ನಮ್ಮ ಗಂಟಲು ಮಾಡುವುದು ಒಂದು ಒರಟು ಗುಂಯ್ ಸದ್ದು ಮಾತ್ರ. ಅದನ್ನು ಅಕ್ಷರವಾಗಿ ಕಡೆದು ಕೊಡುವುದು ಬಾಯಿ. ಹಕ್ಕಿಯಲ್ಲಿ ಹೆಚ್ಚಿನ ಕುಸುರಿ ಸದ್ದು ಹುಟ್ಟುವ ಜಾಗದಲ್ಲೇ ಮುಗಿದಿರುತ್ತದೆ; ಕೊಕ್ಕು, ಗಂಟಲು ಕೊನೆಯ ಉಜ್ಜು ಕೊಡುತ್ತವೆ. ಇದನ್ನು ಪುಸ್ತಕದ ಚಿತ್ರದಲ್ಲಿ ತೋರಿಸುವುದಕ್ಕಿಂತ ಮಕ್ಕಳ ಕೈಯಲ್ಲೇ ಮಾಡಿಸುವುದು ಒಳ್ಳೆಯದು. ಶಾಲೆಯ ವಿಜ್ಞಾನದ ಮೇಷ್ಟ್ರು, ಪ್ರಕೃತಿ ಶಿಬಿರ ನಡೆಸುವವರು, ಸಂಗೀತ ಕಲಿಸುವವರು ಯಾರೇ ಆದರೂ ಎರಡು ಬೆಳಗು, ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು.

ಬೇಕಾಗುವ ಸಾಮಾನು ಇಷ್ಟು: ಅಂಗೈಯಗಲದ ಕನ್ನಡಿ ಒಂದು, ಹಲ್ಲಿನ ಅಗಲಕ್ಕೆ ಬಾಯೊಳಗೆ ಹೋಗುವ ಸಣ್ಣ ಕನ್ನಡಿ ಒಂದು, ಟಾರ್ಚ್, ತೆಳು ಕಾಗದದ ಪಟ್ಟಿ, ಕೋಕೋ ಪುಡಿ, ಅಡುಗೆ ಎಣ್ಣೆ, ಹತ್ತು ಇಂಚಿನ ಬಲೂನು ಆರು, ಅರ್ಧ ಇಂಚಿನ ಪಿವಿಸಿ ಪೈಪು ಒಂದು ಅಡಿ, ಅದಕ್ಕೆ ಕೂರುವ ಮೂರು ಬಾಯಿಯ ಜೋಡಣೆ (ಟೀ) ಒಂದು, ರಬ್ಬರ್ ಬ್ಯಾಂಡು, ಮೊಬೈಲು. ಕೋಳಿಯ ಶ್ವಾಸನಾಳದ ವಿಷಯ ಆಮೇಲೆ.

ಮೊದಲು ನಮ್ಮ ಗಂಟಲು

ಎರಡು ಬೆರಳನ್ನು ಗಂಟಲಮಣಿಯ ಮೇಲೆ ಮೆತ್ತಗೆ ಇಡಿ. "ಸ್ಸ್ಸ್" ಎಂದು ಬುಸುಗುಟ್ಟಿ. ಬೆರಳಿಗೆ ಏನೂ ತಾಗುವುದಿಲ್ಲ. "ಮ್ಮ್ಮ್" ಎನ್ನಿ, ಬೆರಳಿನ ಕೆಳಗೆ ಜುಂ ಎನ್ನುತ್ತದೆ. ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ಹೋಗಿ ಬನ್ನಿ. ಬೆರಳಿನಡಿ ಇರುವುದು ಧ್ವನಿಪೆಟ್ಟಿಗೆ, ಅಂದರೆ ಮೃದ್ವಸ್ಥಿಗಳ ಒಂದು ಸಣ್ಣ ಗೂಡು. ಅದರೊಳಗೆ ಹಿಂದೆ ಮುಂದೆ ಚಾಚಿಕೊಂಡಿರುವ ಎರಡು ಮಾಂಸದ ಮಡಿಕೆಗಳಿಗೆ ನಾವು ಧ್ವನಿತಂತು ಎನ್ನುತ್ತೇವೆ. ತಂತು ಎಂಬ ಹೆಸರು ದಾರಿ ತಪ್ಪಿಸುತ್ತದೆ. ಅವು ವೀಣೆಯ ತಂತಿಯಂತೆ ಬಿಗಿದ ನೂಲಲ್ಲ, ಒದ್ದೆ ತುಟಿಗಳಂತಹ ಮಡಿಕೆಗಳು. ದೊಡ್ಡ ಗಂಡಸರಲ್ಲಿ ಸುಮಾರು 17ರಿಂದ 25 ಮಿಲಿಮೀಟರ್ ಉದ್ದ, ಹೆಂಗಸರಲ್ಲಿ ಸುಮಾರು 12ರಿಂದ 17. ಕೆಳಗಿನಿಂದ ಒತ್ತುವ ಗಾಳಿ ಅವನ್ನು ಬಿಡಿಸುತ್ತದೆ; ಅವುಗಳ ಸೆಡೆತ ಮತ್ತು ನುಗ್ಗುವ ಗಾಳಿಯೇ ಮತ್ತೆ ಮುಚ್ಚಿಸುತ್ತವೆ. ಗಂಡಸಿನ ಮಾತಿನಲ್ಲಿ ಇದು ಸೆಕೆಂಡಿಗೆ ನೂರು ನೂರಿಪ್ಪತ್ತು ಸಲ, ಹೆಂಗಸಿನ ಮಾತಿನಲ್ಲಿ ಇನ್ನೂರರ ಆಸುಪಾಸು ನಡೆಯುತ್ತದೆ.

ಈ ಲೆಕ್ಕವನ್ನು ನಂಬಬೇಕಾಗಿಲ್ಲ, ಎಣಿಸಬಹುದು. ಮೊಬೈಲಿನಲ್ಲಿ ಮೂರು ಸೆಕೆಂಡು "ಆ" ಎಂದು ಒಂದೇ ಶ್ರುತಿಯಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಆಡಾಸಿಟಿಯಲ್ಲಿ ತೆರೆಯಿರಿ. ಅದು ಪುಕ್ಕಟೆ ತಂತ್ರಾಂಶ. 0.1 ಸೆಕೆಂಡಿನಷ್ಟು ತುಂಡು ಪರದೆ ತುಂಬುವಂತೆ ಹಿಗ್ಗಿಸಿ. ಒಂದೇ ಮಾದರಿಯ ಅಲೆ ಮತ್ತೆ ಮತ್ತೆ ಬರುತ್ತಿರುತ್ತದೆ. ಎಷ್ಟು ಸಲ ಬಂತೆಂದು ಎಣಿಸಿ ಹತ್ತರಿಂದ ಗುಣಿಸಿ. ಹನ್ನೆರಡು ಬಂದರೆ 120 ಹರ್ಟ್ಸ್. ಒಂದು ಮಾದರಿಯೊಳಗೆ ಮೂರು ನಾಲ್ಕು ಸಣ್ಣ ಏರುಗಳಿರುತ್ತವೆ. ಅವನ್ನೂ ಎಣಿಸಿ ನಾನೂರು ಐನೂರು ತಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಎಲ್ಲಕ್ಕಿಂತ ಎತ್ತರದ ಏರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಬೆರಳನ್ನು ಅಲ್ಲೇ ಇಟ್ಟು ತಗ್ಗು ದನಿಯಿಂದ ಮೇಲಿನವರೆಗೆ ಜಾರಿಸಿದರೆ ಗಂಟಲಮಣಿ ಮೇಲೇರುವುದು ಗೊತ್ತಾಗುತ್ತದೆ. ಆದರೆ ಶ್ರುತಿ ಏರುವುದಕ್ಕೆ ಮುಖ್ಯ ಕಾರಣ ಈ ಏರಿಕೆಯಲ್ಲ, ಒಳಗೆ ಮಡಿಕೆಗಳು ಹಿಗ್ಗಿ ಬಿಗಿಯಾಗುವುದು. ಸಂಗೀತ ಕಲಿಯುವ ಮಕ್ಕಳು ಮೇಲಿನ ಷಡ್ಜಕ್ಕೆ ಗಲ್ಲ ಎತ್ತಿ ಕತ್ತು ಹಿಂಡಿಕೊಳ್ಳುವುದರಿಂದ ಏನೂ ಸಿಗುವುದಿಲ್ಲ, ದನಿ ಬೇಗ ದಣಿಯುತ್ತದೆ ಅಷ್ಟೆ.

ಮಡಿಕೆಗಳನ್ನು ಕಣ್ಣಾರೆ ನೋಡುವ ಆಸೆ ಸಹಜ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಹಾಡು ಕಲಿಸುವ ಮೇಷ್ಟ್ರು ದಂತವೈದ್ಯರ ಕನ್ನಡಿ, ಕೈಗನ್ನಡಿ ಮತ್ತು ಬಿಸಿಲು ಇಷ್ಟರಿಂದಲೇ ತನ್ನ ಮಡಿಕೆಗಳನ್ನು ತಾನೇ ನೋಡಿಕೊಂಡ. ತರಗತಿಯಲ್ಲಿ ಮಾತ್ರ ಇದು ಬೇಡ. ಕನ್ನಡಿ ಕಿರುನಾಲಿಗೆಗೆ ತಾಗಿದರೆ ವಾಂತಿ ಬರುತ್ತದೆ. ಕಿವಿ ಮೂಗು ಗಂಟಲು ವೈದ್ಯರ ಬಳಿ ತೆಗೆದ ವಿಡಿಯೋ ತೋರಿಸಿದರೆ ಸಾಕು.

ವರ್ಣಮಾಲೆಯೇ ನಕ್ಷೆ

ಬಾಯಿಯ ಭೂಗೋಳ ಕಲಿಯಲು ಕನ್ನಡದವರು ಹೊಸ ಚಿತ್ರ ಬರೆಯಬೇಕಾಗಿಲ್ಲ. ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಐದು ವರ್ಗಗಳು ಬಾಯಿಯ ಹಿಂದಿನಿಂದ ಮುಂದಕ್ಕೆ ನಡೆದು ಬರುತ್ತವೆ: ಕ, ಚ, ಟ, ತ, ಪ. ಅಡ್ಡಸಾಲಿನಲ್ಲಿ ನಡೆದರೆ ಗಂಟಲು ಏನು ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ. ಪ ಹೇಳುವಾಗ ತುಟಿ ಮುಚ್ಚಿರುವಷ್ಟು ಹೊತ್ತು ಮಡಿಕೆಗಳು ಸುಮ್ಮನಿರುತ್ತವೆ, ಬ ಹೇಳುವಾಗ ಆಗಲೇ ನಡುಗುತ್ತಿರುತ್ತವೆ, ಮ ಹೇಳುವಾಗ ಮೂಗಿನ ಬಾಗಿಲೂ ತೆರೆದಿರುತ್ತದೆ. ಮೂಗು ಹಿಡಿದುಕೊಂಡು "ಮ್ಮ್ಮ್" ಎಳೆಯಿರಿ, ಅರೆಗಳಿಗೆಯಲ್ಲಿ ದನಿ ನಿಂತುಹೋಗುತ್ತದೆ. "ಆ" ಎನ್ನುವಾಗ ಮೂಗು ಹಿಡಿದರೆ ಏನೂ ಆಗುವುದಿಲ್ಲ. ಆಗುವುದಾದರೆ ನೀವು ಮೂಗಿನಲ್ಲಿ ಮಾತಾಡುತ್ತಿದ್ದೀರಿ.

ಮಹಾಪ್ರಾಣಕ್ಕೆ ಕಾಗದದ ಪಟ್ಟಿ. ತುಟಿಯ ಮುಂದೆ ಎರಡು ಬೆರಳಗಲ ದೂರದಲ್ಲಿ ಪಟ್ಟಿ ಇಳಿಬಿಟ್ಟು "ತಳ", "ಥಳ" ಎನ್ನಿ. ಎರಡನೆಯದಕ್ಕೆ ಪಟ್ಟಿ ಹಾರಬೇಕು. ನಮ್ಮ ಹಾಸನ, ಚಿಕ್ಕಮಗಳೂರಿನ ಮನೆಮಾತಿನಲ್ಲಿ ಮಹಾಪ್ರಾಣ ಹೆಚ್ಚಾಗಿ ಉದುರಿಹೋಗಿರುವುದರಿಂದ ಅರ್ಧ ತರಗತಿಗೆ ಪಟ್ಟಿ ಅಲುಗುವುದೇ ಇಲ್ಲ. ಅದನ್ನು ತಪ್ಪೆಂದು ಗದರಬೇಡಿ. ಗಂಟಲಿಗೆ ಆ ರೂಢಿ ಇಲ್ಲ ಅಷ್ಟೆ. ಫ ಅಕ್ಷರವನ್ನು ಈ ಪರೀಕ್ಷೆಗೆ ತರಬೇಡಿ. ಈಗ ಬಹಳ ಜನ ಅದನ್ನು ಕೆಳತುಟಿಗೆ ಹಲ್ಲು ತಾಗಿಸಿ, ಫೋನು ಎನ್ನುವ ಹಾಗೆ ಹೇಳುತ್ತಾರೆ. ಪಟ್ಟಿ ಅಲುಗಿದರೂ ಕಾರಣ ಬೇರೆ.

ನಾಲಗೆ ಎಲ್ಲಿ ತಾಗುತ್ತದೆ ಎಂದು ತಿಳಿಯಲು ಒಂದು ಸುಲಭದ ಉಪಾಯವಿದೆ. ಅಕ್ಷರ ಹೇಳಲು ನಾಲಗೆ ತಾಗಿಸಿ, ಹೇಳದೆ ಅಲ್ಲೇ ನಿಲ್ಲಿಸಿ, ಬಾಯಿಂದ ಉಸಿರನ್ನು ಒಳಕ್ಕೆ ಎಳೆಯಿರಿ. ಎಲ್ಲಿ ತಣ್ಣಗಾಗುತ್ತದೋ ಅದೇ ಜಾಗ. ಕ ಅಕ್ಷರವನ್ನು ಕಂಠ್ಯ ಎಂದು ಕಲಿಸಿರುತ್ತಾರೆ, ಆದರೆ ತಣ್ಣಗಾಗುವುದು ಗಂಟಲಲ್ಲ, ಅಂಗುಳದ ಹಿಂಬದಿಯ ಮೆತ್ತನೆ ಭಾಗ.

ಚ, ಟ, ತ ಗಳಿಗೆ ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಬಣ್ಣದ ಪರೀಕ್ಷೆ ಇದೆ. ಒಂದು ಚಮಚ ಕೋಕೋ ಪುಡಿಗೆ ಸುಮಾರು ಒಂದು ಚಮಚ ಎಣ್ಣೆ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಕಾಫಿ ಪುಡಿ ಮನೆಯಲ್ಲೇ ಇದೆಯಲ್ಲ ಎಂದು ಅದನ್ನು ಹಾಕಬೇಡಿ, ತರಿ ಇರುವುದರಿಂದ ಅಂಟುವುದಿಲ್ಲ. ತೆಂಗಿನೆಣ್ಣೆಯೂ ಬೇಡ, ಡಿಸೆಂಬರ್ ಬೆಳಗಿನಲ್ಲಿ ಅದು ನಮ್ಮಲ್ಲಿ ಹೆಪ್ಪುಗಟ್ಟಿರುತ್ತದೆ. ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ ಸರಿ. ನಾಲಗೆಯನ್ನು ಬಟ್ಟೆಯಿಂದ ಒರೆಸಿ, ಮುಂಭಾಗಕ್ಕೆ ತೆಳ್ಳಗೆ ಬಳಿಯಿರಿ. ಟ ಪರೀಕ್ಷೆಗಾದರೆ ತುದಿಯ ಅಡಿಭಾಗಕ್ಕೂ ಬಳಿಯಲೇಬೇಕು, ಏಕೆಂದರೆ ಟ ಹೇಳುವಾಗ ತುದಿ ಹಿಂದಕ್ಕೆ ಮಡಚಿ ಅಡಿಭಾಗವೇ ಅಂಗುಳಕ್ಕೆ ತಾಗುತ್ತದೆ. ಇದನ್ನು ಮರೆತು ಬಣ್ಣ ಬೀಳಲಿಲ್ಲ ಎಂದು ಕೈಬಿಡುವವರೇ ಹೆಚ್ಚು.

ಒಂದೇ ಪದ, ಒಂದೇ ಸಲ ಹೇಳಬೇಕು: "ಅತ್ತ". ಬಾಯಿ ತೆರೆದೇ ಇಟ್ಟುಕೊಂಡು, ಸಣ್ಣ ಕನ್ನಡಿಯನ್ನು ಓರೆಯಾಗಿ ಮೇಲ್ಮುಖ ಮಾಡಿ ಒಳಗಿಟ್ಟು, ಟಾರ್ಚ್ ಬೆಳಕಲ್ಲಿ ನೋಡಿ. ಬಣ್ಣ ಮೇಲಿನ ಹಲ್ಲುಗಳ ಹಿಂಬದಿಗೆ ಹತ್ತಿರುತ್ತದೆ. ಬಾಯಿ ಮುಕ್ಕಳಿಸಿ ಮತ್ತೆ ಬಳಿದು "ಅಟ್ಟ". ಈ ಸಲ ಹಲ್ಲು ಬಿಳಿ, ಒಸಡಿನ ಏರು ದಾಟಿ ಹಿಂದಕ್ಕೆ ಒಂದು ಗುರುತು. ಆಮೇಲೆ "ಅಚ್ಚ" ಎಂದರೆ ಗುರುತು ಅಗಲವಾಗಿ ಚೆಲ್ಲಿಕೊಂಡಿರುತ್ತದೆ. ಪದದಲ್ಲಿ ಅ ಬಿಟ್ಟು ಬೇರೆ ಸ್ವರ ಇರಬಾರದು. "ಇಟ್ಟಿ" ಎಂದರೆ ಇಕಾರವೇ ನಾಲಗೆಯ ಅಂಚನ್ನು ಪಕ್ಕದ ಹಲ್ಲುಗಳಿಗೆ ತಾಗಿಸಿ ಗುರುತು ಕೆಡಿಸುತ್ತದೆ. ನಡುವೆ ಎಂಜಲು ನುಂಗಿದರೂ ಕೆಟ್ಟಿತು.

ಸ್ವರಗಳಿಗೆ ಎಲ್ಲೂ ತಾಗುವುದಿಲ್ಲ. ಅಲ್ಲಿ ಬದಲಾಗುವುದು ಬಾಯೊಳಗಿನ ಖಾಲಿ ಜಾಗದ ಆಕಾರ. ಅದನ್ನು ಕೇಳಬೇಕಾದರೆ ಗಂಟಲಿನ ಸದ್ದನ್ನು ತೆಗೆದುಹಾಕಿ: ಪಿಸುಗುಟ್ಟಿ. ಇ, ಎ, ಆ, ಒ, ಉ ಎಂದು ಪಿಸುಮಾತಿನಲ್ಲಿ ಸಾಲಾಗಿ ಹೇಳಿದರೆ ಶ್ರುತಿ ಮೇಲಿನಿಂದ ಇಳಿದ ಹಾಗೆ ಕೇಳುತ್ತದೆ. ಮಡಿಕೆ ನಡುಗುತ್ತಿಲ್ಲ, ಹಾಗಾದರೆ ಇಳಿದದ್ದು ಏನು? ಬಾಯಿಯ ಅನುರಣನ. ದೊಡ್ಡ ಗಂಡಸಿನಲ್ಲಿ ಮಡಿಕೆಯಿಂದ ತುಟಿಯವರೆಗೆ ಸುಮಾರು 17 ಸೆಂಟಿಮೀಟರ್ ಉದ್ದದ ಕೊಳವೆ ಇದೆ, ಒಂದು ತುದಿ ಮುಚ್ಚಿದ್ದು. ಎಲ್ಲೂ ಅಮುಕದೆ ಬಿಟ್ಟರೆ ಅದು 500, 1,500, 2,500 ಹರ್ಟ್ಸ್‌ಗಳ ಹತ್ತಿರ ಮೊಳಗುತ್ತದೆ. ನಾಲಗೆ ಅಲ್ಲಲ್ಲಿ ಅಮುಕಿ ಈ ಮೊಳಗುಗಳನ್ನು ಸರಿಸುತ್ತದೆ. ಇ ಹೇಳುವಾಗ ಎರಡನೆಯದು ಎರಡು ಸಾವಿರ ದಾಟುತ್ತದೆ, ಉ ಹೇಳುವಾಗ ಸಾವಿರದ ಕೆಳಗಿಳಿಯುತ್ತದೆ. ಕಿವಿ ಸ್ವರವನ್ನು ಗುರುತಿಸುವುದು ಇದರಿಂದ. ಹಾಗಾಗಿಯೇ ಅಜ್ಜನೂ ಮೊಮ್ಮಗಳೂ ಬೇರೆ ಬೇರೆ ಶ್ರುತಿಯಲ್ಲಿ "ಇ" ಎಂದರೂ ನಮಗದು ಇಕಾರವೇ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ದನಿಯ ಹುಟ್ಟನ್ನು ಕಹಳೆಗೆ ಹೋಲಿಸಿದ್ದಾನೆ. ನಡುಗುವ ತುಟಿ ಒಂದು ಕಡೆ, ಅದನ್ನು ಮೊಳಗಿಸುವ ಕೊಳವೆ ಇನ್ನೊಂದು ಕಡೆ. ಹೋಲಿಕೆ ಇವತ್ತಿಗೂ ಸವೆದಿಲ್ಲ.

ಬಲೂನಿನ ಗಂಟಲು

ಬಲೂನಿನ ಬಾಯಿಯ ಕಡೆಯಿಂದ ಆರು ಸೆಂಟಿಮೀಟರ್ ಅಳೆದು ಕತ್ತರಿಸಿ. ಸುರುಳಿ ಅಂಚಿರುವ ತುದಿಯನ್ನು 15 ಸೆಂಟಿಮೀಟರಿನ ಪೈಪಿಗೆ ಎರಡು ಸೆಂಟಿಮೀಟರ್ ಏರಿಸಿ ರಬ್ಬರ್ ಬ್ಯಾಂಡ್ ಸುತ್ತಿ. ಕತ್ತರಿಸಿದ ತುದಿ ಸಡಿಲವಾಗಿ ಹೊರಗಿರುತ್ತದೆ. ಅದರ ಎರಡು ಬದಿ ಹಿಡಿದು ಚಪ್ಪಟೆಯಾಗಿ ಎಳೆದರೆ ನಡುವೆ ಒಂದು ಸೀಳು ಉಳಿಯುತ್ತದೆ. ಇನ್ನೊಬ್ಬರು ಪೈಪಿನ ಆ ತುದಿಯಿಂದ ಊದಲಿ. ಪೇಂ ಎಂದು ಕೂಗಬೇಕು. ಎಳೆತ ಹೆಚ್ಚಿಸಿದರೆ ಶ್ರುತಿ ಏರುತ್ತದೆ. ಸೀಳಿನ ಮುಂದೆ ಎರಡು ಕೈ ಬೊಗಸೆ ಮಾಡಿ ಮುಚ್ಚಿ ತೆರೆದರೆ "ವಾ ವಾ" ಆಗುತ್ತದೆ. ಶ್ರುತಿ ಮಾತ್ರ ಅಷ್ಟೇ ಇರುತ್ತದೆ. ಎಳೆಯುವ ಕೈ ಗಂಟಲು, ಬೊಗಸೆ ಬಾಯಿ.

ಬುಸ್ ಎಂದು ಗಾಳಿ ಸೋರಿದರೆ ಸೀಳಿನ ಎರಡು ತುಟಿಗಳು ಒಂದಕ್ಕೊಂದು ಕೂತಿಲ್ಲ. ಎರಡು ಕೈಯೂ ಒಂದೇ ಎತ್ತರದಲ್ಲಿರಲಿ. ಏನೂ ಸದ್ದಿಲ್ಲದೆ ಕೆನ್ನೆ ಉಬ್ಬಿದರೆ ಎಳೆತ ಅತಿಯಾಯಿತು. ಹೊಸ ಬಲೂನಿನೊಳಗಿನ ಪುಡಿಯಿಂದಲೂ ತುಟಿ ಕೂರುವುದಿಲ್ಲ, ಒಮ್ಮೆ ತೊಳೆದು ಒದ್ದೆಯಾಗಿಯೇ ಬಳಸಿ. ನಮ್ಮ ಮಡಿಕೆಗಳೂ ಒದ್ದೆಯಾಗಿದ್ದರೇ ಕೆಲಸ ಮಾಡುವುದು.

ಸ್ಟ್ರಾದ ತುದಿ ಚಪ್ಪಟೆ ಮಾಡಿ ಕತ್ತರಿಸಿ ಊದುವ ಪೀಪಿಯನ್ನು ಈ ಪಾಠಕ್ಕೆ ಬಳಸುವವರಿದ್ದಾರೆ. ಸುಲಭ, ಆದರೆ ಅದರಲ್ಲಿ ಕೊಳವೆ ಮೋಟಾದರೆ ಶ್ರುತಿ ಏರುತ್ತದೆ, ಅಂದರೆ ಕೊಳವೆಯೇ ಯಜಮಾನ. ಮನುಷ್ಯನ ಗಂಟಲಲ್ಲಿ ಶ್ರುತಿಯ ಯಜಮಾನಿಕೆ ಮಡಿಕೆಯದು. ಸ್ಟ್ರಾ ಪೀಪಿ ನಾಗಸ್ವರಕ್ಕೆ ಒಳ್ಳೆಯ ಮಾದರಿ, ಗಂಟಲಿಗಲ್ಲ.

ಈಗ ಹಕ್ಕಿ. ಟೀಯ ಮೂರು ಬಾಯಿಗೂ ಐದು ಐದು ಸೆಂಟಿಮೀಟರಿನ ಪೈಪು ತುಂಡು ತುರುಕಿ. ಎದುರುಬದುರಿನ ಎರಡಕ್ಕೆ ಬಲೂನಿನ ಕತ್ತು ಏರಿಸಿ, ಮೂರನೆಯದರಿಂದ ಒಬ್ಬರು ಊದಿ, ಇಬ್ಬರು ಒಂದೊಂದು ಸೀಳು ಎಳೆಯಲಿ. ಒಬ್ಬರು ಬಿಗಿಯಾಗಿ, ಒಬ್ಬರು ಸಡಿಲವಾಗಿ ಎಳೆದರೆ ಒಂದೇ ಉಸಿರಿಗೆ ಎರಡು ಶ್ರುತಿ. ಹಕ್ಕಿಯಲ್ಲಿ ಗಾಳಿಯ ದಾರಿ ಇದಕ್ಕೆ ತಿರುವುಮುರುವು. ಎರಡು ಕವಲಿನಿಂದ ಮೇಲೇರಿ ಒಂದೇ ನಾಳ ಸೇರುತ್ತದೆ. ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಇಲ್ಲಿ ಬರುವ ತೊಂದರೆಯೇ ದೊಡ್ಡ ಪಾಠ. ಒಂದು ಸೀಳು ಸ್ವಲ್ಪ ಸಡಿಲವಾದರೂ ಗಾಳಿಯೆಲ್ಲ ಆ ಕಡೆ ಓಡಿ ಇನ್ನೊಂದು ಮೂಕವಾಗುತ್ತದೆ. ಹಾಡುವ ಹಕ್ಕಿಗಳು ಬೇಕೆಂದೇ ಹಾಗೆ ಮಾಡುತ್ತವೆ. ಒಂದು ಬದಿಯನ್ನು ಪೂರ್ತಿ ಮುಚ್ಚಿ ಇನ್ನೊಂದರಿಂದ ಹಾಡಿ, ಮುಂದಿನ ಚೂರಿಗೆ ಬದಿ ಬದಲಿಸುತ್ತವೆ. ಅಮೆರಿಕದ ಕಾರ್ಡಿನಲ್ ಹಕ್ಕಿ ತಗ್ಗು ದನಿಗೆ ಎಡಬದಿ, ಏರು ದನಿಗೆ ಬಲಬದಿ ಬಳಸುತ್ತದೆ. ಒಂದೇ ಎಳೆಯಲ್ಲಿ ಜಾರಿ ಏರುವಾಗ ನಡುವೆ ಎಡದಿಂದ ಬಲಕ್ಕೆ ದಾಟಿದ್ದು ಕಿವಿಗೆ ಗೊತ್ತೇ ಆಗುವುದಿಲ್ಲ.

ಕೋಳಿ ಅಂಗಡಿಯಿಂದ

ಹಕ್ಕಿಯ ದನಿ ಹುಟ್ಟುವ ಈ ಅಂಗಕ್ಕೆ ಸಿರಿಂಕ್ಸ್ ಎಂಬ ಹೆಸರು ಕೊಟ್ಟವನು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ, 1872ರಲ್ಲಿ. ಗ್ರೀಕರ ಹಲವು ಕೊಳವೆಗಳ ಕೊಳಲಿನ ಹೆಸರು ಅದು. ನೋಡಲು ಕಾಡಿನ ಹಕ್ಕಿಗೆ ಕೈ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಸತ್ತು ಬಿದ್ದ ಹಕ್ಕಿಯನ್ನೂ ಮುಟ್ಟಬೇಡಿ, ರೋಗವಿರಬಹುದು. ಕೋಳಿ ಸಾಕು.

ಅಂಗಡಿಯವನಿಗೆ ಮೊದಲೇ ಹೇಳಿಡಿ: ತಲೆ ಬೇಕು, ಕತ್ತಿನ ಕೊಳವೆಯನ್ನು ಎಳೆದು ಕೀಳದೆ ಶ್ವಾಸಕೋಶ, ಗುಂಡಿಗೆ ಸಮೇತ ಬೇಕು. ಸುಮ್ಮನೆ ಬಿಟ್ಟರೆ ಅವನು ಕವಲಿನ ಮೇಲೆಯೇ ಹರಿದುಬಿಡುತ್ತಾನೆ, ನಮಗೆ ಬೇಕಾದದ್ದು ಹಾಳು. ಬಾಯ್ಲರ್ ಕೋಳಿ ಎಳೆಯದು, ಉಂಗುರಗಳು ಮೆತ್ತಗಿರುತ್ತವೆ. ನಾಟಿ ಹುಂಜ ಸಿಕ್ಕರೆ ಚೆನ್ನಾಗಿ ಕಾಣುತ್ತದೆ. ಕೈಗವಸು ಹಾಕಿ, ಹಳೇ ಪೇಪರ್ ಹಾಸಿ ಕೆಲಸ ಮಾಡಿ. ಹಸಿ ಕೋಳಿಯಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಇರುತ್ತದೆ, ಆದ್ದರಿಂದ ಬಾಯಿಟ್ಟು ಊದುವಂತಿಲ್ಲ.

ಮೊದಲು ತಲೆ. ನಾಲಗೆಯ ಬುಡದಲ್ಲಿ ಉದ್ದುದ್ದಕ್ಕೆ ಒಂದು ಸೀಳು ಕಾಣುತ್ತದೆ. ಅದೇ ಹಕ್ಕಿಯ ಧ್ವನಿಪೆಟ್ಟಿಗೆ, ಹೆಸರಿಗೆ ಮಾತ್ರ. ಕತ್ತರಿಸಿ ನೋಡಿದರೆ ಒಳಗೆ ನಡುಗುವ ಮಡಿಕೆ ಯಾವುದೂ ಇಲ್ಲ. ತೆರೆಯುವುದು, ಮುಚ್ಚುವುದು, ಕಾಳು ಶ್ವಾಸನಾಳಕ್ಕೆ ಬೀಳದಂತೆ ಕಾಯುವುದು ಅದರ ಕೆಲಸ. ಆಮೇಲೆ ಕತ್ತಿನಲ್ಲಿ ಎರಡು ಕೊಳವೆ. ಹಿಚುಕಿದರೆ ಮುದ್ದೆಯಾಗುವುದು ಅನ್ನನಾಳ, ಉಂಗುರಗಳಿಂದ ಸೆಟೆದು ನಿಲ್ಲುವುದು ಶ್ವಾಸನಾಳ. ಅದನ್ನು ಹಿಡಿದು ಕೆಳಕ್ಕೆ ಹೋದರೆ ಗುಂಡಿಗೆಯ ಮೇಲೆಯೇ ಕವಲು ಸಿಗುತ್ತದೆ. ಕವಲಿನ ಮುಂಚೆ ಉಂಗುರಗಳು ಕಿರಿದಾಗಿ ಬದಿಗಳಿಂದ ಅಮುಕಿದಂತಿರುತ್ತವೆ. ಕವಲಿನ ಕೆಳಗೆ ಟಾರ್ಚ್ ಹಿಡಿದರೆ ಬೆಳಕು ದಾಟುವಷ್ಟು ತೆಳುವಾದ ಪೊರೆ ಕಾಣುತ್ತದೆ. ಮುಂಬದಿಯಿಂದ ಸಣ್ಣ ಕತ್ತರಿಯಲ್ಲಿ ಸೀಳಿದರೆ ಕವಲಿನ ನಡುವೆ ಅಡ್ಡ ನಿಂತ ಸಣ್ಣ ಗಟ್ಟಿ ಕಂಬಿ ಸಿಗುತ್ತದೆ. ಎರಡು ದಾರಿಯ ನಡುವಿನ ಗೋಡೆ ಅದು.

ಸೀಳುವ ಮುಂಚೆ ಗಾಳಿ ಪರೀಕ್ಷೆ ಮಾಡಬೇಕೆಂದರೆ ಒಂದು ಕವಲನ್ನು ದಾರದಿಂದ ಕಟ್ಟಿ, ಇನ್ನೊಂದಕ್ಕೆ 60 ಮಿಲಿಲೀಟರಿನ ಸಿರಿಂಜಿನಿಂದ ಗಾಳಿ ತಳ್ಳಿ. ಬಹುಪಾಲು ಬರುವುದು ಬರೀ ಬುಸ್. ನಿರಾಸೆ ಬೇಡ, ಕಾರಣವಿದೆ. ಬದುಕಿರುವ ಹಕ್ಕಿಯಲ್ಲಿ ಈ ಜಾಗದ ಸುತ್ತ ಒಂದು ಗಾಳಿಚೀಲ ಇರುತ್ತದೆ. ಅದರ ಒತ್ತಡ ಹೊರಗಿನಿಂದ ಪೊರೆಗಳನ್ನು ಒಳಕ್ಕೆ ದೂಡಿ ದಾರಿ ಕಿರಿದಾಗಿಸಿದರೇ ನಡುಕ ಶುರುವಾಗುವುದು. ಮೇಜಿನ ಮೇಲೆ ಆ ಚೀಲವಿಲ್ಲ. ಅದರ ಬದಲು ಶ್ವಾಸನಾಳವನ್ನು ಕವಲಿನ ಕಡೆ ಎರಡು ಮೂರು ಮಿಲಿಮೀಟರ್ ತಳ್ಳಿ ಸಡಿಲಿಸಿ. ಪೊರೆಗಳು ಒಳಕ್ಕೆ ಮಡಚಿಕೊಂಡು ಕೆಲವೊಮ್ಮೆ ಕಿರ್ ಎನ್ನುತ್ತವೆ. ಹುಂಜ ಕೂಗುವಾಗಲೂ ಎದೆಗೂ ನಾಳಕ್ಕೂ ಹೊಂದಿದ ಸ್ನಾಯುಗಳು ನಾಳವನ್ನು ಹೀಗೇ ಕೆಳಕ್ಕೆ ಎಳೆಯುತ್ತವೆ. ಸಿರಿಂಕ್ಸ್‌ಗೇ ಅಂಟಿದ ಒಳಸ್ನಾಯು ಕೋಳಿಗೆ ಇಲ್ಲ. ಹಾಡುಹಕ್ಕಿಗಳಿಗೆ ಹಲವು ಜೊತೆ ಇವೆ. ಕೊಕ್ಕೊಕ್ಕೋಗೂ ಸಿಳ್ಳಾರದ ಹಾಡಿಗೂ ಇರುವ ಅಂತರದ ಒಂದು ಪಾಲು ಅಲ್ಲಿದೆ.

ಮುಗಿದ ಮೇಲೆ ತುಂಡುಗಳನ್ನು ನಾಯಿ ಎಳೆಯದಷ್ಟು ಆಳಕ್ಕೆ ಹೂತು, ಕತ್ತರಿ, ಸಿರಿಂಜು, ಮೇಜನ್ನು ಸೋಪು ನೀರಿನಿಂದ ತೊಳೆಯಿರಿ.

ತೋಟದಲ್ಲಿ ದನಿ ಹಿಡಿಯುವುದು

ಫೆಬ್ರವರಿಯಿಂದ ಮೇವರೆಗೆ ಹೆಚ್ಚು ಹಕ್ಕಿಗಳು ಹಾಡುತ್ತವೆ. ಸಿಳ್ಳಾರಕ್ಕೆ ಮಾತ್ರ ಮಳೆಗಾಲವೇ ಹಬ್ಬ. ಬೆಳಕು ಮೂಡುವ ಅರ್ಧ ಗಂಟೆ ಮುಂಚಿನಿಂದ ಒಂದು ಗಂಟೆ ಹೊತ್ತು ಗಾಳಿ ಕಡಿಮೆ, ದನಿ ಹೆಚ್ಚು. ಆದರೆ ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆ ಹೊತ್ತಿನಲ್ಲಿ ಆನೆಯೂ ತೋಟದಲ್ಲಿರಬಹುದು. ತೋಟದ ಲೆಕ್ಕ ನೋಡುವ ರೈಟರನ್ನೋ ಆಳುಗಳನ್ನೋ ಹಿಂದಿನ ಸಂಜೆಯೇ ವಿಚಾರಿಸಿ, ಮನೆಯ ಅಂಗಳದಿಂದಲೇ ಆದರೆ ಇನ್ನೂ ಒಳ್ಳೆಯದು. ಇಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಉದ್ದ ಕಾಲುಚೀಲ.

ಮೊಬೈಲಿನಲ್ಲಿ ವಾಟ್ಸಾಪ್ ವಾಯ್ಸ್ ಕಳಿಸುವ ಗುಂಡಿ ಒತ್ತಿ ರೆಕಾರ್ಡ್ ಮಾಡಬೇಡಿ. ಅದು ಮನುಷ್ಯರ ಮಾತಿಗೆ ತಕ್ಕಂತೆ ಸದ್ದನ್ನು ಹಿಂಡಿ ಇಡುತ್ತದೆ, ಹಕ್ಕಿಯ ಏರುದನಿ ಕಳೆದುಹೋಗುತ್ತದೆ. ವೇವ್ ಫೈಲ್ ಕೊಡುವ ರೆಕಾರ್ಡರ್ ಆಪ್ ಹಾಕಿಕೊಂಡು ಸೆಕೆಂಡಿಗೆ 44,100 ಅಥವಾ 48,000 ಮಾದರಿ (ಸ್ಯಾಂಪಲ್), ಮೋನೋ ಎಂದು ಇಡಿ. ಗದ್ದಲ ತೆಗೆಯುವ ಸೌಲಭ್ಯ, ತಾನೇ ಸದ್ದು ಏರಿಳಿಸುವ ಸೌಲಭ್ಯ ಎರಡನ್ನೂ ಆಫ್ ಮಾಡಿ. ಹಳ್ಳದ ನೀರಿನ ಮೊರೆತ ಹಿಂದೆ ಬರುವಂತೆ, ಮೈಕಿನ ಬಾಯಿ ಹಕ್ಕಿಯ ಕಡೆ ಇರುವಂತೆ ನಿಂತು, ಕೈ ಅಲುಗಿಸದೆ ಒಂದು ನಿಮಿಷ ಹಿಡಿಯಿರಿ. ಹತ್ತು ಹೆಜ್ಜೆ ಹತ್ತಿರವಾದರೆ ಸಿಗುವ ಲಾಭ ಯಾವ ತಂತ್ರಾಂಶದಿಂದಲೂ ಸಿಗುವುದಿಲ್ಲ. ಆದರೆ ಗೂಡು ಕಟ್ಟುವ ಕಾಲದಲ್ಲಿ ದನಿ ಹಾಕಿ ಹಕ್ಕಿಯನ್ನು ಕರೆಯಬೇಡಿ, ಎದುರಾಳಿ ಬಂದನೆಂದು ಅದು ಗೂಡು ಬಿಟ್ಟು ಬರುತ್ತದೆ.

ಯಾವುದನ್ನು ಮೊದಲು ಹಿಡಿಯಬೇಕು? ಬೆಳವ ಸುಲಭ, ಕಣ್ಣಿಗೂ ಪಾಠ. ಕೊಕ್ಕು ಮುಚ್ಚಿಯೇ ಗುಟುರು ಹಾಕುತ್ತದೆ, ಕತ್ತು ಮಾತ್ರ ಉಬ್ಬುತ್ತದೆ. ಉಬ್ಬುವುದು ಅನ್ನನಾಳದ ಮೇಲ್ಭಾಗ. ತಗ್ಗು ದನಿ ಮೊಳಗುವ ಚೀಲವಾಗಿ ಅದು ಕೆಲಸ ಮಾಡುತ್ತದೆ. ಮಡಿವಾಳ ಹಕ್ಕಿ ತಂತಿಯ ಮೇಲೆ ಕೂತು ಹಾಡುವಾಗ ಕೊಕ್ಕನ್ನೇ ನೋಡಿ. ದನಿ ಏರಿದಂತೆ ಕೊಕ್ಕು ಅಗಲವಾಗುತ್ತದೆ. ಬೊಗಸೆ ತೆರೆದಂತೆಯೇ ಅದು. ಭೀಮರಾಜ ಪಕ್ಕದ ಮರದ ಹಕ್ಕಿಗಳನ್ನೆಲ್ಲ ಅಣಕಿಸುವುದರಿಂದ ಹೆಸರು ಬರೆಯುವ ಮುಂಚೆ ಕಣ್ಣಿಂದ ನೋಡಿಕೊಳ್ಳಿ.

ಕಾಗೆ ಮತ್ತು ಕೋಗಿಲೆಯನ್ನು ಜೊತೆಯಾಗಿ ಹಿಡಿಯಿರಿ. ಕವಿಗಳು ಏನೇ ಹೇಳಲಿ, ಅಂಗರಚನೆಯ ಲೆಕ್ಕದಲ್ಲಿ ಹಾಡುಹಕ್ಕಿಯ ಕುಲ ಕಾಗೆಯದು. ಸಿರಿಂಕ್ಸ್‌ನ ಹಲವು ಜೊತೆ ಸ್ನಾಯುಗಳು ಅದಕ್ಕಿವೆ. ಕೋಗಿಲೆ ಆ ಕುಲದ್ದಲ್ಲ, ಅದರ ಅಂಗ ಸರಳ, ವಸಂತವಿಡೀ ಕೇಳುವುದು ಹೆಚ್ಚಾಗಿ ಅದರ ಕೂಹೂ. ಒಳ್ಳೆಯ ವಾದ್ಯ ಇದ್ದವರೆಲ್ಲ ಇಂಪಾಗಿಯೇ ನುಡಿಸಬೇಕೆಂದೇನೂ ಇಲ್ಲವಲ್ಲ.

ಗಿಳಿ ಮಾತಾಡುವುದನ್ನು ಕೇಳಬೇಕೆಂದು ಗಿಳಿ ತರಬೇಡಿ, ನಮ್ಮ ಕಾಡಿನ ಗಿಳಿ ಸಾಕುವುದು ಕಾನೂನಿಗೆ ವಿರುದ್ಧ. ಅದು ನಮ್ಮ ಹಾಗೆ ದಪ್ಪ ನಾಲಗೆಯನ್ನು ಹಿಂದೆ ಮುಂದೆ ಸರಿಸಿ ಬಾಯಿಯ ಮೊಳಗು ಬದಲಿಸುತ್ತದೆ ಎಂದಷ್ಟು ಹೇಳಿದರೆ ಸಾಕು.

ಪರದೆಯ ಮೇಲೆ ಓದುವುದು

ಆಡಾಸಿಟಿಯಲ್ಲಿ ಫೈಲ್ ತೆರೆದು ಟ್ರ್ಯಾಕಿನ ಹೆಸರಿನ ಪಕ್ಕದ ಪಟ್ಟಿಯಿಂದ ಸ್ಪೆಕ್ಟ್ರೋಗ್ರಾಮ್ ಆರಿಸಿ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಶ್ರುತಿ, ಬಣ್ಣ ಬೆಳಗಿದಷ್ಟೂ ಸದ್ದು ಜೋರು. ಮೇಲಿನ ಮಿತಿ 10,000 ಹರ್ಟ್ಸ್ ಇರಲಿ. ವಿಂಡೋ ಅಳತೆ ಎಂಬ ಜಾಗದಲ್ಲಿ ಹಕ್ಕಿಗೆ 512 ಹಾಕಿ. ಚಿಕ್ಕದಾದಷ್ಟೂ ಸಮಯ ಸ್ಪಷ್ಟ, ದೊಡ್ಡದಾದಷ್ಟೂ ಶ್ರುತಿ ಸ್ಪಷ್ಟ, ಎರಡೂ ಒಟ್ಟಿಗೆ ಸಿಗುವುದಿಲ್ಲ. ನಿಮ್ಮದೇ "ಆ" ಹಾಕಿ 2048 ಇಟ್ಟರೆ ಏಣಿಯ ಮೆಟ್ಟಿಲಿನಂತೆ ಸಮ ಅಂತರದ ಗೆರೆಗಳು ಕಾಣುತ್ತವೆ. ಅವು ಮಡಿಕೆಯ ಕೆಲಸ. 256 ಇಟ್ಟರೆ ಮೆಟ್ಟಿಲು ಮಸುಕಾಗಿ ಅಗಲ ಪಟ್ಟಿಗಳು ಉಳಿಯುತ್ತವೆ. ಅವು ಬಾಯಿಯ ಕೆಲಸ. ಒಂದೇ ದನಿಯಲ್ಲಿ ಗಂಟಲನ್ನೂ ಬಾಯಿಯನ್ನೂ ಹೀಗೆ ಬಿಡಿಸಿ ನೋಡಬಹುದು.

ಸಿಳ್ಳಾರದ ಚಿತ್ರ ಬೇರೆ. ಮೆಟ್ಟಿಲಿಲ್ಲ, ಒಂದೇ ಎಳೆ ಬಳುಕುತ್ತ ಹೋಗುತ್ತದೆ. ವೇಗವನ್ನು ಕಾಲುಭಾಗಕ್ಕೆ ಇಳಿಸಿ ಕೇಳಿ. ಶ್ರುತಿ ಎರಡು ಸ್ಥಾಯಿ ಕೆಳಗಿಳಿಯುತ್ತದೆ, ಒಂದೇ ಚೂರು ಎಂದುಕೊಂಡದ್ದು ಮೂರು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ. ಚೂರುಗಳ ನಡುವಿನ ಸಣ್ಣ ಖಾಲಿಗಳನ್ನು ಗಮನಿಸಿ. ಕ್ಯಾನರಿ ಹಕ್ಕಿಯಲ್ಲಿ ಅಳೆದು ನೋಡಿದಾಗ ಅಂಥ ಖಾಲಿಯಲ್ಲಿ ಅದು ಮಿನಿ ಉಸಿರು ಎಳೆದುಕೊಳ್ಳುವುದು ಕಂಡಿದೆ, ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಸಲ. ಅದಕ್ಕೇ ಅಷ್ಟು ಉದ್ದ ಹಾಡಿದರೂ ಉಸಿರು ಕಟ್ಟುವುದಿಲ್ಲ.

ಎರಡು ಪೀಪಿ ಒಟ್ಟಿಗೆ ನುಡಿದ ಜಾಗ ಹುಡುಕಬೇಕಾದರೆ ಒಂದೇ ಕ್ಷಣದಲ್ಲಿ ಮೇಲೊಂದು ಕೆಳಗೊಂದು ಎಳೆ ಇರುವ ಕಡೆ ನಿಲ್ಲಿಸಿ, ಎರಡರ ಶ್ರುತಿ ಬರೆದುಕೊಳ್ಳಿ. 2,100 ಮತ್ತು 4,200 ಬಂದರೆ ಅದು ಎರಡು ದನಿಯಲ್ಲ, ಒಂದೇ ದನಿಯ ಇಮ್ಮಡಿ. 2,100 ಮತ್ತು 3,300 ಬಂದು, ಒಂದು ಏರುವಾಗ ಇನ್ನೊಂದು ಇಳಿಯುತ್ತಿದ್ದರೆ ಎರಡು ಬದಿಗಳು ಬೇರೆ ಬೇರೆ ಕೆಲಸ ಮಾಡುತ್ತಿವೆ ಎಂದು ಸಂಶಯಪಡಬಹುದು. ಅದಕ್ಕೂ ಮುಂಚೆ ಎರಡು ಅನುಮಾನ ಕಳೆದುಕೊಳ್ಳಿ. ಒಂದು, ಇನ್ನೊಂದು ಹಕ್ಕಿ ಹಾಡುತ್ತಿರಬಹುದು. ಹಾಗಿದ್ದರೆ ಎರಡೂ ಎಳೆಗಳು ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲುವುದು ಪ್ರತಿಸಲವೂ ಆಗಲಾರದು. ಎರಡು, ಕಣಿವೆಯ ಮಾರ್ದನಿ. ಅದು ಅದೇ ಎಳೆಯ ಮಸುಕು ನಕಲು, ತುಸು ಬಲಕ್ಕೆ ಸರಿದಿರುತ್ತದೆ. ಹತ್ತು ಸಲ ಬಂದ ಅದೇ ಚೂರಿನಲ್ಲಿ ಹತ್ತೂ ಸಲ ಜೋಡಿ ಎಳೆ ಇದ್ದರೆ ಮಾತ್ರ ಬರೆದುಕೊಳ್ಳಿ. ಮೂರೇ ಸಲ ಸಿಕ್ಕಿದ್ದರೆ ಫೈಲಿಗೆ ತಾರೀಖು, ಹೊತ್ತು, ಜಾಗದ ಹೆಸರು ಹಾಕಿ ಎತ್ತಿಟ್ಟು, ಮಾರನೆ ಬೆಳಗ್ಗೆ ಅದೇ ಕಲ್ಲಿನ ಬಳಿ ಮತ್ತೆ ಹೋಗಿ ನಿಲ್ಲಿ.